ಗಿಣಿಗೂ ಸಿ ಶಿಫ್ಟ್

ಗಿಣಿ ಮನೆಗೆ ಬಂದ ದಿನ ನಮ್ಮತ್ತೆ ಪಂಜರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ, "ಗಿಣಿ ಅಂದ್ಯಲ್ಲೋ, ಇದಕ್ಕೆ ಬಣ್ಣ ಹಾಕೋದೇ ಮರ್ತವ್ರೆ ಕಣ್ಲಾ" ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಮೈಯೆಲ್ಲ ಬೂದಿ ಬಣ್ಣ, ಮುಖ ಮಾತ್ರ ಹಳದಿ, ಕೆನ್ನೆಗೊಂದೊಂದು ಕಿತ್ತಳೆ ಬೊಟ್ಟು, ತಲೆಯ ಮೇಲೆ ನೆಟ್ಟಗೆ ನಿಂತ ಜುಟ್ಟು. ಯಾರೋ ಮುಖಕ್ಕಷ್ಟೇ ಅರಿಸಿನದ ಶಾಸ್ತ್ರ ಮಾಡಿ ಊಟಕ್ಕೆ ಎದ್ದು ಹೋದ ಹಾಗಿತ್ತು. ನಮ್ಮನೆಯವರು ತಾಯಿಗೆ ಸಮಾಧಾನವಾಗಿ ವಿವರಿಸಿದರು: "ಹಸಿರು ಗಿಣಿ ಸಾಕಂಗಿಲ್ಲಮ್ಮಾ, ಕಾನೂನೈತೆ. ಇದು ಹೊರದೇಶದ್ದು, ಕಾಕಟೀಲ್ ಅಂತ." ಅತ್ತೆಗೆ ಕಾನೂನು ಒಪ್ಪಿಗೆಯಾಗಲಿಲ್ಲ. ಮಾಲೂರಿನ ಕಡೆ ಅವರ ಹಳ್ಳಿಯಲ್ಲಿ ಮನೆಗೊಂದು ಹಸಿರು ಗಿಣಿ ಇತ್ತಂತೆ, ಅದನ್ನು ಕೇಳಲು ಯಾವ ಪೊಲೀಸೂ ಬಂದಿರಲಿಲ್ಲವಂತೆ.

ನಮ್ಮನೆಯವರಿಗೆ ಹೊಸೂರಿನ ಲಾರಿ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ನಿನ ಮೇಲೆ ಕೆಲಸ. ಜೊತೆಯವರೊಬ್ಬರಿಗೆ ಉತ್ತರದ ಕಡೆ ವರ್ಗವಾಗಿತ್ತು. ಅವರು ರೈಲಿನಲ್ಲಿ ಪಂಜರ ಹೊತ್ತುಕೊಂಡು ಹೋಗಲಾರೆನೆಂದು ಇವರಿಗೆ ದಾಟಿಸಿದರು. ಮಗಳು ಓದಲು ಕೊಯಮತ್ತೂರಿನ ಹಾಸ್ಟೆಲಿಗೆ ಹೋದ ಮೇಲೆ ನಮ್ಮನೆಯವರಿಗೆ ಮುದ್ದು ಮಾಡಲು ಯಾರೂ ಇರಲಿಲ್ಲ. ನಾನಿದ್ದೆ, ಇಲ್ಲವೆಂದಲ್ಲ. ಆದರೆ ಆ ಅಭ್ಯಾಸ ಅವರಿಗೆ ತಪ್ಪಿ ಬಹಳ ಕಾಲವಾಗಿತ್ತು.

ಪ್ರೆಸ್ಸಿಗೆ ಅಚ್ಚು ಕೂರಿಸುವ ಶ್ರದ್ಧೆಯಲ್ಲೇ ಅವರು ಗಿಣಿ ಸಾಕಲು ಕೂತರು. ತಮಿಳು ವಿಡಿಯೋ, ಹಿಂದಿ ವಿಡಿಯೋ, ಭಾಷೆಯೇ ಗೊತ್ತಾಗದ ಇನ್ನೊಂದಿಷ್ಟು ವಿಡಿಯೋ ನೋಡಿದರು. ಪಂಜರದ ಪ್ಲಾಸ್ಟಿಕ್ ಕೋಲು ಕಿತ್ತು ಹಾಕಿ ಸೀಬೆ ಕೊಂಬೆ ಕಟ್ಟಿದರು. ಕೋಲು ಒಂದೇ ದಪ್ಪ ಇದ್ದರೆ ಹಕ್ಕಿಯ ಪಾದ ಹುಣ್ಣಾಗುತ್ತದೆಯಂತೆ. ಕೊಕ್ಕು ಉಜ್ಜಲಿಕ್ಕೂ ಸುಣ್ಣದ ಅಂಶಕ್ಕೂ ನಾಟಿ ಔಷಧಿ ಅಂಗಡಿಯಿಂದ ಸಮುದ್ರನೊರೆ ಎಂಬ ಬಿಳಿ ಚಿಪ್ಪು ಬಂತು. ಬರೀ ಸೂರ್ಯಕಾಂತಿ ಬೀಜ ಹಾಕಿದರೆ ಕೊಬ್ಬು ಸೇರಿ ಸಾಯುತ್ತದೆಂದು ನವಣೆ, ಸಜ್ಜೆ, ಮೊಳಕೆ ಬರಿಸಿದ ಹೆಸರುಕಾಳು, ಮೂರು ನೀರಲ್ಲಿ ತೊಳೆದ ನುಗ್ಗೆ ಸೊಪ್ಪು. ಅತ್ತೆ ಪ್ರೀತಿಯಿಂದ ಹಾಲನ್ನ ಕಲಸಿ ತಂದರೆ ಪಂಜರದ ಬಾಗಿಲಲ್ಲೇ ತಡೆದರು. "ನವಣೆ ತಿಂದೇ ನಾವೂ ಬೆಳ್ದಿದ್ದು, ನಮ್ಗ್ಯಾರೂ ತೊಳ್ದು ಕೊಟ್ಟಿರ್ಲಿಲ್ಲ" ಎಂದು ಗೊಣಗಿ ಆ ಹಾಲನ್ನವನ್ನು ಅವರೇ ತಿಂದರು.

ಅಲ್ಲಿಗೆ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಒಂದು ದಿನ ನನ್ನ ನಾನ್‌ಸ್ಟಿಕ್ ತವಾ ಕಾಣೆಯಾಯಿತು. ಅದು ಹೆಚ್ಚು ಕಾದರೆ ಬರುವ ಹೊಗೆಗೆ ಗಿಣಿಗಳು ನಿಂತಲ್ಲೇ ಬೀಳುತ್ತವೆಯಂತೆ, ತವಾ ಎದುರುಮನೆಯ ತಮಿಳು ಅಕ್ಕನ ಪಾಲಾಗಿತ್ತು. ಆಮೇಲೆ ಸಾಂಬ್ರಾಣಿ ಹೋಯಿತು, ಊದುಬತ್ತಿ ಹೋಯಿತು, ಕರ್ಪೂರವೂ ಹೋಯಿತು. ಅತ್ತೆ ಕೆಂಡವಾದರು.

"ದೇವ್ರು ಕೇಳಾಕಿಲ್ವೇನ್ಲಾ?"

"ದೇವ್ರಿಗೆ ಶ್ವಾಸಕೋಶ ಇಲ್ಲಮ್ಮಾ. ಗಿಣಿಗೈತೆ."

ಅಂದಿನಿಂದ ನಮ್ಮನೆ ದೇವರಿಗೆ ಎರಡು ಹೂವು, ಒಂದು ಕೈಮುಗಿತ, ಅಷ್ಟೇ. ಅದೇ ಹೊತ್ತಿಗೆ ಗಿಣಿಗೆ ಎಳೆಬಿಸಿಲಲ್ಲಿ ಅಭಿಷೇಕ. ನಮ್ಮನೆಯವರು ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಹಿಡಿದು ಮಂಜಿನ ಹಾಗೆ ನೀರು ಬಿಡುತ್ತಿದ್ದರು, ಅದು ರೆಕ್ಕೆ ಬಿಚ್ಚಿ ಮಹಾರಾಜನ ಹಾಗೆ ಒಪ್ಪಿಸಿಕೊಳ್ಳುತ್ತಿತ್ತು. ಮಾತು ಕಲಿಯಲಿಲ್ಲ, ಆದರೆ ನನ್ನ ಕುಕ್ಕರಿನ ಸೀಟಿಯನ್ನು ವಾರದೊಳಗೆ ಕಲಿತು ಬಿಟ್ಟಿತು. ಎಷ್ಟು ಸೀಟಿ ಕುಕ್ಕರಿನದು, ಎಷ್ಟು ಗಿಣಿಯದು ಎಂದು ತಿಳಿಯದೆ ನಮ್ಮನೆಯ ಬೇಳೆ ಒಂದು ದಿನ ಕಲ್ಲು, ಒಂದು ದಿನ ಗಂಜಿ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮನೆಯಲ್ಲಿ ಒಂದು ವಿಷಯ ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಅದಕ್ಕೆ ನಮ್ಮ ಬೀದಿಯ ರೀತಿಯನ್ನು ಸ್ವಲ್ಪ ಹೇಳಬೇಕು. ನಮ್ಮ ಬೀದಿಯಲ್ಲಿ ಎದುರು ಸಿಕ್ಕವರನ್ನು ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, "ಈ ವಾರ ಯಾವ ಶಿಫ್ಟು?" ಎಂದು ಕೇಳುತ್ತಾರೆ. ಎ ಶಿಫ್ಟ್ ಎಂದರೆ ಬೆಳಿಗ್ಗೆ ಆರಕ್ಕೆ, ಬಿ ಎಂದರೆ ಮಧ್ಯಾಹ್ನ ಎರಡಕ್ಕೆ, ಸಿ ಎಂದರೆ ರಾತ್ರಿ ಹತ್ತಕ್ಕೆ ಹೋಗಿ ಬೆಳಿಗ್ಗೆ ಬರುವುದು. ವಾರಕ್ಕೊಂದು ಸಲ ಇದು ತಿರುಗುತ್ತದೆ. ಸೀಮಂತ, ನಾಮಕರಣ, ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳುವುದು ಎಲ್ಲಕ್ಕೂ ಇಲ್ಲಿ ಶಿಫ್ಟೇ ಪಂಚಾಂಗ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ತಲೆ ಕೆಟ್ಟಿತ್ತು. ಆಮೇಲೆ ನಾನೂ ಅರ್ಧರಾತ್ರಿಗೆ ಸಾರು ಕುದಿಸುವವಳಾದೆ.

ಎಲ್ಲಕ್ಕಿಂತ ಕಷ್ಟ ಸಿ ಶಿಫ್ಟಿನ ವಾರ. ಇರುವುದು ಒಂದು ಹಾಲ್, ಒಂದು ರೂಮು, ಅಡುಗೆಮನೆ, ಒಬ್ಬರು ಹೊಕ್ಕರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದ ಪೂಜೆ ಕೋಣೆ. ಅವರು ಹಗಲು ಮಲಗಿದರೆಂದರೆ ಇಡೀ ಮನೆಗೆ ಸೂತಕ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಮೆಷಿನ್ ತುಳಿಯುವಂತಿಲ್ಲ. ಅಳತೆ ಕೊಡಲು ಬಂದ ಹೆಂಗಸರು "ಹಿಂದೆ ಇನ್ನೊಂಚೂರು ಡೀಪು" ಎಂದು ಕಳ್ಳಸಾಗಣೆ ಮಾಡುವವರ ಹಾಗೆ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಕುಕ್ಕರ್ ಕೂಗಿಸುವ ಹಾಗಿಲ್ಲ, ಅನ್ನಕ್ಕೆ ಪಾತ್ರೆಯೇ ಗತಿ.

ಗಿಣಿ ಬಂದ ಮೇಲಿನ ಮೊದಲ ಸಿ ಶಿಫ್ಟಿನಲ್ಲಿ ಹನ್ನೊಂದು ಗಂಟೆಗೆ ಕುಕ್ಕರ್ ಕೂಗಿತು. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ. ನಮ್ಮನೆಯವರು ಕಣ್ಣು ಕೆಂಪು ಮಾಡಿಕೊಂಡು ರೂಮಿನಿಂದ ಬಂದರು. ಬಾಗಿಲು ಹಾಕಿದರೂ ಗಿಣಿ ಬಿಡಲಿಲ್ಲ. ಅವರು ಮನೆಯಲ್ಲಿದ್ದೂ ಕಣ್ಣಿಗೆ ಕಾಣದಿದ್ದರೆ ಅದಕ್ಕೆ ಇನ್ನೂ ಸಿಟ್ಟು, ಇನ್ನೂ ಸೀಟಿ. ಕೊನೆಗೆ ಅತ್ತೆಯೇ ದಾರಿ ತೋರಿಸಿದರು.

"ಕತ್ಲೆ ಮಾಡಿದ್ರೆ ಮನಿಕ್ಕಂತದೆ. ರಾತ್ರಿ ಎಬ್ರುಸ್ಕೊಂಡ್ರಾಯ್ತು. ಮಗನ್ಗೆ ಸಿ ಶಿಫ್ಟು ಅಂದ್ಮೇಲೆ ಇದಕ್ಕೂ ಸಿ ಶಿಫ್ಟೇ."

ಇದು ನಮಗೆ ಎಷ್ಟು ನ್ಯಾಯವಾಗಿ ಕಂಡಿತೆಂದರೆ ಯಾರೂ ಎರಡನೇ ಸಲ ಯೋಚಿಸಲಿಲ್ಲ. ನಾನು ಪಂಜರದ ಅಳತೆ ತೆಗೆದು, ಕಪ್ಪು ಲೈನಿಂಗ್ ಬಟ್ಟೆ ಎರಡು ಪದರ ಇಟ್ಟು, ಗಾಳಿಗೆ ಹಿಂದೆ ಜಾಗ ಬಿಟ್ಟು, ಕೆಳಗೆ ಎಲಾಸ್ಟಿಕ್ ಕೂರಿಸಿ ಒಂದು ಮುಸುಕು ಹೊಲಿದೆ. ನಮ್ಮ ಬೀದಿಯ ಯಾವ ಹೆಂಗಸಿಗೂ ಅಷ್ಟು ನೀಟಾಗಿ ಹೊಲಿದು ಕೊಟ್ಟವಳಲ್ಲ ನಾನು. ಸಿ ಶಿಫ್ಟಿನಲ್ಲಿ ಗಿಣಿಗೆ ಹಗಲೆಲ್ಲ ಮುಸುಕು, ಸಂಜೆ ಮುಸುಕು ತೆಗೆದು ಟ್ಯೂಬ್‌ಲೈಟ್ ಕೆಳಗೆ ಆಟ. ಅವರು ಕೆಲಸಕ್ಕೆ ಹೋದ ಮೇಲೂ ನಿದ್ದೆ ಬಾರದ ಅತ್ತೆಯ ಜೊತೆ ಟಿವಿ. ಬಿ ಶಿಫ್ಟಿನಲ್ಲಿ ಅವರು ಹನ್ನೊಂದರ ಹೊತ್ತಿಗೆ ಬಂದು ಲೈಟು ಹಾಕಿ, ಅದನ್ನು ಎಬ್ಬಿಸಿ ಹೆಗಲ ಮೇಲೆ ಕೂರಿಸಿಕೊಂಡು ಊಟ. ಎ ಶಿಫ್ಟಿನಲ್ಲಿ ನಾಲ್ಕಕ್ಕೇ ಸುಪ್ರಭಾತ. ಎದುರುಮನೆಯ ಅಕ್ಕ ಬಂದಾಗ ನಮ್ಮನೆಯವರು "ನಮ್ಮ ಗಿಣಿ ಪರ್ಮನೆಂಟ್ ಎಂಪ್ಲಾಯಿ ಅಕ್ಕಾ" ಎಂದು ಜಂಬ ಕೊಚ್ಚಿಕೊಂಡರು.

ಕೆಲವು ತಿಂಗಳಲ್ಲಿ ಪಂಜರದ ತಳದಲ್ಲಿ ಪುಕ್ಕ ಬೀಳತೊಡಗಿತು. ಹಕ್ಕಿ ಎಂದ ಮೇಲೆ ಪುಕ್ಕ ಉದುರುವುದು ಸಹಜ ಎಂದುಕೊಂಡೆವು. ಆಮೇಲೆ ನೋಡಿದರೆ ಅದು ಉದುರುತ್ತಿರಲಿಲ್ಲ, ಗಿಣಿಯೇ ಕೂತು ಒಂದೊಂದಾಗಿ ಕೀಳುತ್ತಿತ್ತು. ಎದೆಯ ಭಾಗ ಕೋಳಿ ಅಂಗಡಿಯಲ್ಲಿ ತೂಗು ಹಾಕಿದ್ದರ ಹಾಗೆ ಬೋಳಾಯಿತು. ಸೀಟಿ ನಿಂತಿತು, ಜುಟ್ಟು ಮಲಗಿತು, ತೊಳೆದು ಇಟ್ಟ ನವಣೆ ಹಾಗೇ ಉಳಿಯಿತು. ಕೈಯಲ್ಲಿ ಹಿಡಿದರೆ ಮೂಳೆ ಸಿಗುತ್ತಿತ್ತು. ಅದು ಸಾಯುತ್ತದೆ ಎಂದು ನನಗೆ ಅನ್ನಿಸಿತು.

ಮನೆಮದ್ದಿಗೇನು ಬರವಿಲ್ಲ. ಅತ್ತೆ ದೃಷ್ಟಿ ತೆಗೆದರು, ಆದರೆ ಮೆಣಸಿನಕಾಯಿಯನ್ನು ಬೆಂಕಿಗೆ ಹಾಕುವಂತಿಲ್ಲವಲ್ಲ, ಹಾಗೇ ಹಸಿಯಾಗಿ ಮೂರು ದಾರಿ ಕೂಡುವಲ್ಲಿ ಎಸೆದು ಬಂದರು. ಯಾರದೋ ಮೇಕೆ ಬಂದು ದೃಷ್ಟಿ ಸಮೇತ ತಿಂದು ಹೋಯಿತು. ಎದುರುಮನೆಯ ಅಕ್ಕ "ಅಯ್ಯೋ ಪಾವಂ, ಅದಕ್ಕೆ ಒಂದು ಜೋಡಿ ಬೇಕು, ಅದಾನ್ ವಿಷಯಂ" ಎಂದು ತೀರ್ಪು ಕೊಟ್ಟರು. ಜೋಡಿ ಇದ್ದೂ ಪುಕ್ಕ ಕಿತ್ತುಕೊಳ್ಳುವ ಹಾಗಾಗಿರುವ ಎಷ್ಟೋ ಜನರನ್ನು ನಾನು ಬಲ್ಲೆ. ಹೊಸೂರಿನ ದನದ ಡಾಕ್ಟರು ಒಳ್ಳೆಯವರು, ಹಕ್ಕಿಯಲ್ಲಿ ತಮಗೆ ಕೋಳಿಯ ಆಚೆ ಗೊತ್ತಿಲ್ಲ ಎಂದು ಒಪ್ಪಿಕೊಂಡು, ಕೃಷ್ಣಗಿರಿಯಲ್ಲಿ ಗಿಣಿಗಳನ್ನು ನೋಡುವ ಲೇಡಿ ಡಾಕ್ಟರೊಬ್ಬರಿದ್ದಾರೆಂದು ಕಳಿಸಿದರು.

ಬಸ್ಸಿನಲ್ಲಿ ಹೋದೆವು. ಅತ್ತೆಯೂ ಹೊರಟರು, ಬೇಡವೆಂದರೆ ಕೇಳುವ ಪೈಕಿ ಅಲ್ಲ. ಕಂಡಕ್ಟರು ನನ್ನ ತೊಡೆಯ ಮೇಲಿದ್ದ ಪಂಜರ ನೋಡಿ, ಒಳಗಿನ ಬೋಳು ಪ್ರಾಣಿಯನ್ನು ನೋಡಿ, "ಇದು ಎನ್ನಮ್ಮಾ?" ಎಂದರು. ಅತ್ತೆ "ಗಿಣಿ" ಎಂದರು. ಅವರಿಗೆ ನಂಬಿಕೆ ಬರಲಿಲ್ಲ. ಶೂಲಗಿರಿ ದಾಟುವವರೆಗೂ ಹಿಂದಿನ ಸೀಟಿನವರು ಎದ್ದೆದ್ದು ನೋಡುತ್ತಿದ್ದರು. ನಮ್ಮನೆಯವರು ಅಂದು ಸಿ ಶಿಫ್ಟ್ ಮುಗಿಸಿ ನೇರ ಬಂದವರು, ಕಿಟಕಿಗೆ ತಲೆ ಆನಿಸಿದ ಕೂಡಲೇ ಗೊರಕೆ. ಪ್ರತಿ ಉಬ್ಬಿಗೂ ತಲೆ ಕಂಬಿಗೆ ಬಡಿದರೂ ಏಳಲಿಲ್ಲ.

ಡಾಕ್ಟರಮ್ಮ ಗಿಣಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಕಣ್ಣು, ಕೊಕ್ಕು, ರೆಕ್ಕೆಯ ಸಂದು ಎಲ್ಲ ನೋಡಿದರು. ತೆಲುಗು ಬೆರೆತ ಕನ್ನಡದಲ್ಲಿ ಪ್ರಶ್ನೆ ಕೇಳಿದರು. ಏನು ತಿನ್ನಿಸುತ್ತೀರಿ, ಸ್ನಾನ ಉಂಟಾ, ಅಡುಗೆಮನೆಯಲ್ಲಿ ಇಟ್ಟಿದ್ದೀರಾ. ನಮ್ಮನೆಯವರು ಮೊದಲ ಬೆಂಚಿನ ಹುಡುಗನ ಹಾಗೆ ಪಟಪಟ ಉತ್ತರ ಕೊಟ್ಟರು. ಡಾಕ್ಟರಮ್ಮ ಮೆಚ್ಚಿಕೊಂಡು ತಲೆಯಾಡಿಸಿ, ಕೊನೆಗೆ ಕೇಳಿದರು:

"ರಾತ್ರಿ ಎಷ್ಟು ಗಂಟೆಗೆ ಮಲಗುತ್ತೆ?"

ನಮ್ಮನೆಯವರು ಸ್ವಲ್ಪ ಯೋಚಿಸಿ ಕೇಳಿದರು: "ಯಾವ ವಾರದಲ್ಲಿ ಡಾಕ್ಟ್ರೇ?"

ಡಾಕ್ಟರಮ್ಮ ಅವರನ್ನೇ ನೋಡಿದರು. ಅವರಿಗೆ ಅರ್ಥವಾಗಲಿಲ್ಲವೆಂದು ತಿಳಿದು ಇವರು ಎ, ಬಿ, ಸಿ ಮೂರನ್ನೂ ಬಿಡಿಸಿ ಹೇಳಿದರು. ಮುಸುಕಿನ ಎಲಾಸ್ಟಿಕ್ಕನ್ನು ಹಿಗ್ಗಿಸಿ ತೋರಿಸಿದರು. ನನಗೆ ಆ ಹೊತ್ತಿಗೆ ಏನೋ ಹೊಳೆದು ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

"ಹೊಟ್ಟೆಗೆ ಎಲ್ಲ ಸರಿಯಾಗೇ ಹಾಕಿದ್ದೀರಿ," ಎಂದರು ಡಾಕ್ಟರಮ್ಮ. "ಅದಕ್ಕೆ ರಾತ್ರೀನೇ ಕೊಟ್ಟಿಲ್ಲ. ದಿನಾ ಒಂದೇ ಹೊತ್ತಿಗೆ ಕತ್ತಲಾಗಬೇಕು, ಹತ್ತು ಹನ್ನೆರಡು ಗಂಟೆ ನಿದ್ದೆ ಆಗಬೇಕು, ಒಂದೇ ಹೊತ್ತಿಗೆ ಬೆಳಕಾಗಬೇಕು. ವಾರವಾರ ರಾತ್ರಿಯನ್ನು ಎತ್ತಿ ಅಲ್ಲಿಂದ ಇಲ್ಲಿಗೆ ಇಟ್ಟರೆ ಯಾವ ಜೀವ ತಡೀತದೆ? ಹೀಗೇ ನಡೆಸಿದರೆ ಇದು ಉಳಿಯಲ್ಲ."

"ಯಾವ ಜೀವಾನೂ ತಡಿಯಾಕಿಲ್ವಾ ತಾಯೀ?" ಎಂದರು ಅತ್ತೆ.

"ಇಲ್ಲಮ್ಮಾ."

ಅತ್ತೆ ಮಗನ ಕಡೆ ಬೆರಳು ತೋರಿಸಿದರು. "ಇವ್ನು ಹದಿನೆಂಟು ವರ್ಸದಿಂದ ಹಂಗೇ ಅವ್ನೆ. ಇವನ್ಗೂ ಒಸಿ ಔಷ್ದಿ ಬರ್ಕೊಡಿ."

ನಾನು ನಕ್ಕುಬಿಟ್ಟೆ. ಡಾಕ್ಟರಮ್ಮನೂ ನಕ್ಕು, "ನಾನು ಹಕ್ಕಿಗಳ ಡಾಕ್ಟರು ಅಮ್ಮಾ" ಎಂದರು. ಅತ್ತೆ ನಗಲಿಲ್ಲ. ಅವರು ಮಗನನ್ನೇ ನೋಡುತ್ತಿದ್ದರೆಂದು ನಾನೂ ತಿರುಗಿ ನೋಡಿದೆ. ಕಣ್ಣಿನ ಸುತ್ತ ಕಪ್ಪು, ಮುಂದಲೆ ಖಾಲಿ, ತೂಕಡಿಕೆ ತಡೆಯಲು ಮೀಸೆಯ ಕೂದಲನ್ನು ಒಂದೊಂದಾಗಿ ಎಳೆಯುತ್ತ ಕೂತಿದ್ದರು. ನನ್ನ ನಗು ಅಲ್ಲಿಗೇ ಮುಗಿಯಿತು.

ಮನೆಗೆ ಬಂದು ಗಿಣಿಗೆ ರಾತ್ರಿ ಕೊಡುವ ಏರ್ಪಾಡು ಶುರುವಾಯಿತು. ಲೈಟು, ಟಿವಿ, ಓಡಾಟ ಇಲ್ಲದ ಜಾಗವೆಂದರೆ ಪೂಜೆ ಕೋಣೆ ಒಂದೇ. ಮೇಲೆ ಗಾಳಿಕಿಂಡಿ ಇದೆ, ಹೊಗೆ ಮೊದಲೇ ಇಲ್ಲ. ದೇವರುಗಳು ಹಾಲ್‌ಗೆ ಬಂದು ಫ್ರಿಜ್ಜಿನ ಮೇಲೆ ಕೂತರು, ಗಿಣಿ ಗರ್ಭಗುಡಿ ಸೇರಿತು. ಅತ್ತೆ ಈ ಸಲ ಜಗಳ ಮಾಡಲಿಲ್ಲ. ಸಂಜೆ ಆರೂವರೆಗೆ ಮುಸುಕು, ಬೆಳಿಗ್ಗೆ ಆರೂವರೆಗೆ ಬೆಳಕು, ಶಿಫ್ಟು ಯಾವುದಾದರೂ ಸರಿ. ಬಿ ಶಿಫ್ಟಿನಲ್ಲಿ ಅವರು ಬರುವ ಹೊತ್ತಿಗೆ ಗಿಣಿ ಮಲಗಿರುತ್ತಿತ್ತು. ಒಬ್ಬರೇ ಊಟಕ್ಕೆ ಕೂತು, ಹೆಗಲನ್ನು ಒಮ್ಮೆ ನೋಡಿಕೊಂಡು ಉಣ್ಣುತ್ತಿದ್ದರು. ಎರಡು ದಿನ ನೋಡಿ, ಆಮೇಲೆ ನಾನೇ ಎದುರಿಗೆ ಕೂರತೊಡಗಿದೆ.

ಗಿಣಿ ಪುಕ್ಕ ಕೀಳುವುದನ್ನು ನಿಧಾನಕ್ಕೆ ಬಿಟ್ಟಿತು, ತಿನ್ನತೊಡಗಿತು. ಸಿ ಶಿಫ್ಟಿನ ವಾರ ಬರುವ ಹೊತ್ತಿಗೆ ಸೀಟಿಯೂ ಮರಳಿತು. ಈಗ ಹಗಲು ಮುಸುಕು ಹಾಕುವಂತಿಲ್ಲ. ಅವರು ಮಲಗಿದ ರೂಮಿನ ಬಾಗಿಲಾಚೆಯೇ ಗಿಣಿಯ ಕುಕ್ಕರ್ ಸೀಟಿ, ಹನ್ನೊಂದಕ್ಕೊಂದು, ಹನ್ನೆರಡಕ್ಕೊಂದು. ಅವರು ಕಿವಿಗೆ ಹತ್ತಿ ತುರುಕಿಕೊಂಡರು, ತಲೆಗೆ ದಿಂಬು ಕಟ್ಟಿಕೊಂಡರು. ಮೂರನೇ ದಿನ ಸಂಜೆ ಉಣ್ಣುತ್ತ ಉಣ್ಣುತ್ತ ಕೈ ತಟ್ಟೆಯಲ್ಲೇ ಇದ್ದು ನಿದ್ದೆ ಹೋದರು. ಆ ಕೈ ರಾತ್ರಿಯೆಲ್ಲ ಪ್ರೆಸ್ಸಿನ ಬಾಯಿಗೆ ತಗಡು ಕೊಡುವ ಕೈ. ಅತ್ತೆಗೆ ತಡೆಯಲಾಗಲಿಲ್ಲ.

"ಯಾರ್ಗಾದ್ರೂ ಕೊಟ್ಬುಡ್ಲಾ ಅದನ್ನ. ಕೈ ಹೋದ್ರೆ ಗಿಣಿ ಬಂದು ಉಣ್ಣುಸ್ತದಾ?"

ನಮ್ಮನೆಯವರು ಎಚ್ಚೆತ್ತು ಕೈ ತೊಳೆದು ಬಂದು ಕೂತರು. ಸಿಟ್ಟಿರಲಿಲ್ಲ, ಹಟವಿತ್ತು. "ಕೊಡಾಕಿಲ್ಲಮ್ಮಾ. ಈ ಮನೇಲಿ ಒಂದಾದ್ರೂ ರಾತ್ರಿ ಪೂರ್ತಿ ನಿದ್ದೆ ಮಾಡ್ಲಿ ಬಿಡು."

ಅತ್ತೆ ಅವತ್ತು ಊಟ ಮಾಡಲಿಲ್ಲ.

ಮಾರನೆಯ ದಿನ ಅವರು ಕೆಲಸದಿಂದ ಬಂದು ಮಲಗುವ ಮೊದಲೇ ಅತ್ತೆ ಪಂಜರ ಎತ್ತಿಕೊಂಡು ಬೀದಿ ದಾಟಿದರು. ಎದುರುಮನೆಯ ಅಕ್ಕನ ಯಜಮಾನರಿಗೆ ಅಂಗಡಿ, ಮನೆಯಲ್ಲಿ ಹಗಲು ಮಲಗುವವರಿಲ್ಲ. ಇಷ್ಟು ವರ್ಷ ಅತ್ತೆ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅವರ ತಮಿಳು ಇವರಿಗೆ ಆಗದು, ಇವರ ಕನ್ನಡ ಅವರಿಗೆ ಅರ್ಧ. ಈಗ ಸಿ ಶಿಫ್ಟಿನ ವಾರವೆಲ್ಲ ಅತ್ತೆ ಗಿಣಿಯ ಜೊತೆ ಅಲ್ಲೇ ಇರುತ್ತಾರೆ. ಅಲ್ಲಿ ಅದು ಎಷ್ಟು ಬೇಕಾದರೂ ಕೂಗಬಹುದು, ಹೊಗೆಯ ಭಯಕ್ಕೆ ನನ್ನ ತವಾ ಅವರ ಅಟ್ಟ ಹತ್ತಿ ಕೂತಿದೆ. ಇಬ್ಬರು ಹೆಂಗಸರೂ ಸೊಪ್ಪು ಬಿಡಿಸುತ್ತ, ಸೊಸೆಯಂದಿರನ್ನು ಬೈಯುವುದಕ್ಕೆ ಒಂದೇ ಭಾಷೆ ಸಾಕೆಂದು ಕಂಡುಕೊಂಡಿದ್ದಾರೆ. ಸಂಜೆ ಆರಕ್ಕೆ ಸವಾರಿ ಮನೆಗೆ ಬರುತ್ತದೆ.

ಗಿಣಿಯ ಎದೆಯ ಮೇಲೆ ಮೊದಲು ಮುಳ್ಳಿನ ಹಾಗೆ ಚುಚ್ಚಿಕೊಂಡು ಹೊಸ ಪುಕ್ಕ ಬಂತು, ಆಮೇಲೆ ಬಿಚ್ಚಿಕೊಂಡು ಮೈ ಮುಚ್ಚಿತು. ಜುಟ್ಟು ಎದ್ದಿತು. ನಮ್ಮನೆಯವರು ಅದರ ಫೋಟೋ ತೆಗೆದು ಡಾಕ್ಟರಮ್ಮನಿಗೆ ಕಳಿಸಿದರು, ಮಗಳಿಗೆ ಕಳಿಸಿದರು, ಕಾರ್ಖಾನೆಯವರಿಗೆಲ್ಲ ತೋರಿಸಿದರು. ನನಗೂ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು ಎಂದರೆ ನಗಬೇಡಿ. ಒಂದು ಹಿಡಿ ತೂಕದ ಹಕ್ಕಿಗೆ ನಾವು ದೇವರನ್ನು ಎಬ್ಬಿಸಿ ಕೋಣೆ ಕೊಟ್ಟೆವು, ನೆರೆಮನೆ ಕೊಟ್ಟೆವು, ನಮ್ಮ ಟಿವಿಯ ಬಾಯಿ ಕಟ್ಟಿದೆವು. ಹದಿನೆಂಟು ವರ್ಷ ಈ ಮನುಷ್ಯ ಒಂದು ದಿನವೂ ತನಗೆ ರಾತ್ರಿ ಬೇಕೆಂದು ಕೇಳಿರಲಿಲ್ಲ, ನಮಗೂ ಕೇಳಬೇಕೆಂದು ತೋಚಿರಲಿಲ್ಲ.

ಮೊನ್ನೆ ಮತ್ತೆ ಸಿ ಶಿಫ್ಟ್ ಶುರುವಾಯಿತು. ಅವರು ಊಟದ ಡಬ್ಬಿ ಎತ್ತಿಕೊಂಡು, ಪೂಜೆ ಕೋಣೆಯ ಬಾಗಿಲಿಗೆ ಕಿವಿ ಇಟ್ಟು ಒಳಗೆ ಸದ್ದಿಲ್ಲವೆಂದು ನೋಡಿಕೊಂಡು, ಬೂಟು ಕೈಯಲ್ಲಿ ಹಿಡಿದು ಹೊರಗೆ ಬಂದರು. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಅಂದು ಕೇಳಿದರು.

"ಕೇಳ್ನೋಡ್ಲಾ ಮಗಾ ನಿಮ್ ಕಂಪ್ನಿಯೋರ್ನ. ನಿಂಗೂ ಹಗಲ್ದು ಒಂದೇ ಶಿಫ್ಟು ಕೊಡ್ತಾರೇನೋ."

ಅವರು ಬೂಟಿನ ದಾರ ಕಟ್ಟುತ್ತ ನಕ್ಕರು.

"ನಾನೇನ್ ಗಿಣಿನಾ ಅಮ್ಮಾ?"

ಎದ್ದು ಬೈಕಿನ ಸ್ಟ್ಯಾಂಡ್ ತೆಗೆದರು. ಅಲ್ಲೇ ಶುರು ಮಾಡಿದರೆ ಗಿಣಿ ಬೆಚ್ಚುತ್ತದೆಂದು ಬೀದಿಯ ತಿರುವಿನವರೆಗೂ ಬೈಕನ್ನು ತಳ್ಳಿಕೊಂಡೇ ಹೋದರು. ಅತ್ತೆಯೂ ನಾನೂ ನೋಡುತ್ತ ನಿಂತಿದ್ದೆವು. ದೂರದಲ್ಲಿ ಬೈಕು ಶುರುವಾದದ್ದು ಕೇಳಿಸಿತು, ಒಳಗೆ ಗಿಣಿ ಮಲಗಿತ್ತು.